ಡೌಟ್ ಮೇಡಂ

ನಮ್ಮ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಕಿಟಕಿ ಪಕ್ಕದ ಹಾಸಿಗೆಯ ಮೇಲೆ ಆ ಗುರುವಾರ ಬೇರೆ ಯಾರೋ ಮಲಗಿದ್ದರು. ಡ್ಯೂಟಿ ಮುಗಿಸಿ, ಎಂದಿನಂತೆ ಸ್ವಲ್ಪ ಹೊತ್ತು ಕೂತುಹೋಗೋಣ ಅಂತ ಬಂದವಳು ಬಾಗಿಲಲ್ಲೇ ನಿಂತೆ. ಅಲ್ಲಿದ್ದ ಹೊಸ ನರ್ಸ್ ಹುಡುಗಿಯನ್ನು ಕೇಳಿದರೆ, ಮಸ್ಕಿಯಿಂದ ಬರುತ್ತಿದ್ದ ಆ ಪೇಷಂಟ್ ತೀರಿಕೊಂಡರಂತೆ, ಮನೆಯವರು ಫೋನ್ ಮಾಡಿ ತಿಳಿಸಿದರು ಅಂದಳು. ನಾನು ಅಲ್ಲಾಡದೆ ನಿಂತದ್ದು ನೋಡಿ, ‘ನಿಮಗ ಬೇಕಾದವರೇನ್ರಿ ಅಕ್ಕಾ?’ ಅಂತ ಕೇಳಿದಳು. ಇಲ್ಲೇ ಲೈಬ್ರರಿಯಲ್ಲಿ ಇದ್ದವರು ಅಂದೆ. ಅವಳಿಗೆ ತಿಳಿಯಲಿಲ್ಲ. ಈ ಆಸ್ಪತ್ರೆಗೆ ಒಂದು ಲೈಬ್ರರಿ ಇತ್ತು ಅನ್ನುವುದೇ ಅವಳಿಗೆ ಗೊತ್ತಿರಲಿಲ್ಲ. ಅವಳನ್ನು ಅನ್ನುವ ಹಾಗೂ ಇಲ್ಲ. ಅದು ಇದ್ದ ಕಾಲದಲ್ಲೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ.

ಲೈಬ್ರರಿ ಇದ್ದದ್ದು ಎರಡನೇ ಮಹಡಿಯಲ್ಲಿ, ಆಸ್ಪತ್ರೆಗೆ ಅಂಟಿಕೊಂಡಿದ್ದ ನರ್ಸಿಂಗ್ ಕಾಲೇಜಿನ ಕೊನೆಯ ಕೋಣೆಯಲ್ಲಿ. ಕೆಲಸದಲ್ಲಿದ್ದ ನರ್ಸುಗಳು ಅತ್ತ ಹೋಗುತ್ತಿರಲಿಲ್ಲ. ಓದು ಮುಗಿದ ಮೇಲೆ ಪುಸ್ತಕದ ಕೋಣೆಯಲ್ಲಿ ನಮಗೇನು ಕೆಲಸ ಅನ್ನುವುದು ನಮ್ಮ ತಿಳಿವಳಿಕೆ. ಅಲ್ಲೊಬ್ಬ ಗ್ರಂಥಪಾಲಕಿ ಇದ್ದಾರೆ, ಅವರನ್ನು ಇಟ್ಟಿರುವುದು ಹುಡುಗಿಯರಿಗೆ ಪುಸ್ತಕ ಕೊಟ್ಟು ಇಸಿದುಕೊಳ್ಳುವುದಕ್ಕೆ ಅಂದುಕೊಂಡಿದ್ದೆವು. ನಮ್ಮ ಕೆಲಸಕ್ಕೂ ಅವರನ್ನು ಕೇಳಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ, ಅವರೇ ಬಂದು ಹೇಳುವವರೆಗೆ.

ಅವರು ಬರುತ್ತಿದ್ದದ್ದು ಮಧ್ಯಾಹ್ನ, ಊಟದ ಗಲಾಟೆ ಮುಗಿದು ವಾರ್ಡು ಸ್ವಲ್ಪ ತಣ್ಣಗಾದಾಗ. ಎತ್ತರದ ಹೆಂಗಸು, ಬಡಕಲು ಮೈ. ಕನ್ನಡಕವನ್ನು ದಾರದಲ್ಲಿ ಕೊರಳಿಗೆ ಇಳಿಬಿಟ್ಟಿರುತ್ತಿದ್ದರು. ಬಾಯಲ್ಲಿ ಯಾವಾಗಲೂ ಒಂದು ಲವಂಗ. ನಮ್ಮ ಟೇಬಲ್ಲಿನ ಎದುರಿಗೆ ನಿಂತು, ನಗದೆ, ಬ್ಯಾಂಕಿನವರು ಕಂತು ಕೇಳುವ ಧಾಟಿಯಲ್ಲಿ ಕೇಳುತ್ತಿದ್ದರು: ‘ಇವತ್ತು ಏನಾರ ಡೌಟ್ ಬಂದೈತೇನು?’

ಮೊದಮೊದಲು ನಾವು ಹೆದರಿದೆವು. ಆಡಳಿತದವರು ನಮ್ಮನ್ನು ಪರೀಕ್ಷೆ ಮಾಡಲು ಕಳಿಸಿದ್ದಾರೆ ಅಂದುಕೊಂಡೆವು. ‘ಇಲ್ರಿ ಮೇಡಂ, ಏನೂ ಇಲ್ರಿ’ ಅನ್ನುತ್ತಿದ್ದೆವು. ಅವರು ಇನ್ನೊಂದು ಗಳಿಗೆ ನಿಂತು ಮುಂದಿನ ವಾರ್ಡಿಗೆ ಹೋಗುತ್ತಿದ್ದರು. ಮರುದಿನ ಮತ್ತೆ ಬರುತ್ತಿದ್ದರು. ಹೆದರಿಕೆ ಹೋಗಿ ನಗೆಯಾಯಿತು. ಯಾರೋ ಡೌಟ್ ಮೇಡಂ ಅಂತ ಹೆಸರಿಟ್ಟರು, ಅದೇ ನಿಂತಿತು. ಮೆಟ್ಟಿಲಲ್ಲಿ ಅವರ ಚಪ್ಪಲಿಯ ಸಪ್ಪಳ ಕೇಳಿದರೆ ನಾವು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಈ ಹೆಸರು ಅವರಿಗೆ ಗೊತ್ತಿತ್ತು. ‘ಇರ್ಲಿ ಬಿಡ್ರಿ. ಡೌಟ್ ಬರದ ಸಿಸ್ಟರಿಗಿಂತ ಡೌಟ್ ಮೇಡಂ ಚಲೋ’ ಅಂತ ಒಮ್ಮೆ ಅಂದದ್ದುಂಟು.

ಸುಲಭದ ಮನುಷ್ಯಳಲ್ಲ. ಪುಸ್ತಕದ ಹಾಳೆಯನ್ನು ಎಂಜಲು ಬೆರಳಿಂದ ತಿರುವಿದವರನ್ನು ಎಲ್ಲರೆದುರಿಗೆ ಎಬ್ಬಿಸಿ ಕೈ ತೊಳೆಯಲು ಕಳಿಸುತ್ತಿದ್ದರು. ಆಟೋದವರೊಡನೆ ಅವರ ಜಗಳ ಆಸ್ಪತ್ರೆಯ ಗೇಟಿನವರೆಗೆ ಕೇಳುತ್ತಿತ್ತು. ಯಾರ ಮನೆಯ ಸಮಾರಂಭಕ್ಕೂ ಹೋಗುತ್ತಿರಲಿಲ್ಲ. ಯಾರ ಡಬ್ಬಿಯಿಂದಲೂ ಒಂದು ತುತ್ತು ತಿನ್ನುತ್ತಿರಲಿಲ್ಲ. ಮದುವೆ ಆಗಿರಲಿಲ್ಲ, ಆ ಮಾತು ಎತ್ತಿದವರನ್ನು ಮತ್ತೆ ಮಾತಾಡಿಸುತ್ತಿರಲಿಲ್ಲ. ನಮ್ಮವರು ಕೊನೆಗೆ ಅವರಲ್ಲಿಗೆ ಹೋಗತೊಡಗಿದ್ದು ಸರ್ಕಾರಿ ನರ್ಸ್ ಹುದ್ದೆಯ ಪರೀಕ್ಷೆಗೆ ಗೈಡು ಬೇಕಾದಾಗ, ಇಲ್ಲವೇ ಗಲ್ಫಿಗೆ ಹೋಗುವ ಪರೀಕ್ಷೆಗೆ. ತರಿಸಿ ಕೊಡುತ್ತಿದ್ದರು. ಕೊಡುವಾಗ, ‘ಹೊರಗ ಹೋಗಾಕ ಪುಸ್ತಕ ಬೇಕು ನಿಮಗ, ಒಳಗ ಇರಾಕ ಬ್ಯಾಡ’ ಅಂತ ಚುಚ್ಚುತ್ತಿದ್ದರು.

ಒಮ್ಮೆ ಮಾತ್ರ ನಮ್ಮ ವಾರ್ಡಿನ ಹುಡುಗಿಯೊಬ್ಬಳು ನಿಜವಾದ ಡೌಟು ಕೇಳಿದಳು. ಬಹಳ ದಿನ ಮಲಗಿದ ರೋಗಿಗಳ ಬೆನ್ನು ಕೆಂಪಾದಾಗ ನಾವು ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ ತಿಕ್ಕುತ್ತಿದ್ದೆವು. ಹಾಗೇ ಕಲಿತಿದ್ದೆವು. ಆದರೂ ಹುಣ್ಣು ಯಾಕಾಗುತ್ತದೆ ಅಂತ ಅವಳು ಕೇಳಿದ್ದು. ಮರುದಿನ ಮೇಡಂ ನಾಲ್ಕಾರು ಹಾಳೆ ಮುದ್ರಿಸಿಕೊಂಡು ಬಂದರು. ಕೆಂಪಾದ ಜಾಗವನ್ನು ತಿಕ್ಕಬಾರದು, ಮಗ್ಗುಲು ಬದಲಿಸಬೇಕು ಅಂತ ಅದರಲ್ಲಿತ್ತು. ಯಾವ ಸಂಸ್ಥೆ ಹೇಳಿದ್ದು, ಯಾವ ವರ್ಷ ಹೇಳಿದ್ದು ಅನ್ನುವುದನ್ನು ಅಡಿಗೆರೆ ಹಾಕಿ ತೋರಿಸಿದರು. ಅದು ಅವರ ಚಟ. ‘ಉತ್ತರ ಯಾರ ಬೇಕಾದ್ರೂ ಕೊಡ್ತಾರ. ಎಲ್ಲಿಂದ ತಂದ್ರಿ ಅಂತ ಕೇಳ್ಬೇಕು’ ಅನ್ನುವುದು ಅವರ ಬಾಯಿಪಾಠ. ನಮ್ಮ ಇನ್‌ಚಾರ್ಜ್ ಸಿಸ್ಟರು ಹಾಳೆ ಇಸಿದುಕೊಂಡು ಡ್ರಾಯರಿಗೆ ಹಾಕಿದರು. ತಿಕ್ಕುವುದು ನಡೆದೇ ಇತ್ತು. ಕೇಳಿದ ಹುಡುಗಿ ವರ್ಷದೊಳಗೆ ಕೆಲಸ ಬಿಟ್ಟು ಹೋದಳು. ಮೇಡಂ ಮಾತ್ರ ಮಧ್ಯಾಹ್ನ ಬರುವುದನ್ನು ಬಿಡಲಿಲ್ಲ.

ನಾನು ಅವರ ಕೋಣೆಯ ಮೆಟ್ಟಿಲು ಹತ್ತಿದ್ದು ನನ್ನ ಮಗಳು ಇನ್ನೂ ಮೊಲೆಹಾಲು ಕುಡಿಯುತ್ತಿದ್ದಾಗ. ಆವತ್ತು ಬೆಳಿಗ್ಗೆ, ಜ್ವರ ಬಂದು ಮಲಗಿದ್ದ ಲಾರಿ ಕ್ಲೀನರ್ ಒಬ್ಬನ ರಕ್ತ ತೆಗೆದು ಸೂಜಿಗೆ ಮುಚ್ಚಳ ಹಾಕುವಾಗ ಅದು ಗ್ಲೌಸು ದಾಟಿ ನನ್ನ ಎಡಗೈ ತೋರುಬೆರಳಿಗೆ ಚುಚ್ಚಿತು. ಬೆರಳು ಹಿಂಡಿ ರಕ್ತ ತೆಗೆದೆ, ಸ್ಪಿರಿಟ್ ಸುರಿದೆ, ಪಟ್ಟಿ ಸುತ್ತಿ ಕೆಲಸಕ್ಕೆ ಹತ್ತಿದೆ. ಮಧ್ಯಾಹ್ನಕ್ಕೆ ಮೊದಲೇ ಅವನ ವರದಿ ಬಂತು. ಎಚ್ಐವಿ ಇತ್ತು.

ಆ ಹೊತ್ತಿಗೆ ನಾನು ಮನೆಗೆ ಓಡಿ ಮಗುವಿಗೆ ಹಾಲು ಕೊಟ್ಟು ಬರುವುದು ರೂಢಿ. ನಮ್ಮ ಮನೆ ರೈಸ್ ಮಿಲ್ಲುಗಳ ಹಿಂದಿನ ಓಣಿಯಲ್ಲಿ, ದೂರವೇನಲ್ಲ. ಆವತ್ತು ಗೇಟಿನವರೆಗೆ ಹೋಗಿ ತಿರುಗಿ ಬಂದೆ. ಬಟ್ಟೆ ಇಡುವ ಕೋಣೆಯಲ್ಲಿ ಚಾದರಗಳ ಗಂಟಿನ ಮೇಲೆ ಕೂತೆ. ಡಾಕ್ಟರಿಗೆ ಹೇಳಬಹುದಿತ್ತು. ಆದರೆ ಒಬ್ಬರಿಗೆ ಹೇಳಿದರೆ ಇಡೀ ಆಸ್ಪತ್ರೆಗೆ ಹೇಳಿದ ಹಾಗೆ. ಹಿಂದೊಬ್ಬ ಅಟೆಂಡರಿಗೆ ಹೀಗೇ ಚುಚ್ಚಿತ್ತು. ಅವನಿಗೆ ಏನೂ ಆಗಲಿಲ್ಲ. ಆದರೆ ಅವನು ಮುಟ್ಟಿದ ಲೋಟದಲ್ಲಿ ಯಾರೂ ನೀರು ಕುಡಿಯುತ್ತಿರಲಿಲ್ಲ, ಕೊನೆಗೆ ಅವನೇ ಬಿಟ್ಟುಹೋದ. ನನಗೆ ಗಂಡನ ಮನೆ ಇತ್ತು, ಅತ್ತೆ ಇದ್ದರು, ಕೂಸು ಇತ್ತು. ಯಾರನ್ನು ಕೇಳಲಿ ಅಂತ ಯೋಚಿಸುತ್ತ ಕೂತಾಗ, ದಿನಾ ಬಂದು ಕೇಳ್ರಿ ಕೇಳ್ರಿ ಅಂತ ನಿಲ್ಲುತ್ತಿದ್ದ ಒಬ್ಬರೇ ನೆನಪಾದರು.

ಅವರು ಪುಸ್ತಕದ ಬೆನ್ನಿಗೆ ಅಂಟಿನಿಂದ ಚೀಟಿ ಹಚ್ಚುತ್ತಿದ್ದರು. ‘ಮೇಡಂ, ಒಂದು ಡೌಟ್ ಐತ್ರಿ’ ಅಂದೆ. ಕುರ್ಚಿ ತೋರಿಸಿದರು. ನಮ್ಮಲ್ಲಿ ಒಬ್ಬಾಕೆಗೆ ಹೀಗಾಗಿದೆ ಅಂತ ಬೇರೆ ಯಾರದೋ ಕತೆಯಂತೆ ಹೇಳಿದೆ. ಯಾರು ಅಂತ ಅವರು ಕೇಳಲಿಲ್ಲ. ಯಾವಾಗ ಚುಚ್ಚಿತು ಅಂತಷ್ಟೇ ಕೇಳಿ ಕಂಪ್ಯೂಟರಿನ ಕಡೆ ತಿರುಗಿದರು. ಹಳೆಯ ಯಂತ್ರ, ಒಂದು ಪುಟ ತೆರೆಯುವುದರೊಳಗೆ ಜೀವ ಬಾಯಿಗೆ ಬರುತ್ತಿತ್ತು. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳುತ್ತ ಹೋದರು. ಸೋಪು ನೀರಲ್ಲಿ ತೊಳೆಯಬೇಕು. ಹಿಂಡಬಾರದು.

‘ಹಿಂಡಿ ಆಗೇತ್ರಿ’ ಅಂದುಬಿಟ್ಟೆ.

ಅವರು ಪರದೆಯಿಂದ ಕಣ್ಣೆತ್ತಲಿಲ್ಲ. ‘ಆಗಿದ್ದು ಆತು. ಮಾತ್ರಿ ಅದಾವು. ಎಷ್ಟು ಲಗೂನ ತಗೊಂಡ್ರ ಅಷ್ಟು ಚಲೋ. ಮೂರು ದಿನ ದಾಟಿದ್ರ ಉಪಯೋಗಿಲ್ಲ ಅಂತ ಬರ್ದಾರ. ಸರ್ಕಾರಿ ದವಾಖಾನ್ಯಾಗ ಕೊಡ್ತಾರ.’

ಆಗ ನಾನು ಕೇಳಬೇಕಾದದ್ದನ್ನು ಕೇಳಿದೆ. ‘ಕೂಸಿಗೆ ಹಾಲು ಕುಡಿಸಬಹುದೇನ್ರಿ?’

ಬಹಳ ಹೊತ್ತು ಹುಡುಕಿದರು. ಕೆಳಗೆ ರಸ್ತೆಯಲ್ಲಿ ಭತ್ತದ ಟ್ರ್ಯಾಕ್ಟರುಗಳು ಹೋಗುತ್ತಿದ್ದವು, ಕೋಣೆಯೆಲ್ಲ ಸಣ್ಣಗೆ ನಡುಗುತ್ತಿತ್ತು. ಕೊನೆಗೆ ಕನ್ನಡಕ ತೆಗೆದು ಕೈಬಿಟ್ಟರು. ‘ಎರಡು ಕಡೆ ಎರಡು ಥರ ಬರ್ದಾರ. ಇದಕ್ಕ ಉತ್ತರ ಕೊಡಾಕಿ ನಾ ಅಲ್ಲ. ನಾ ಹುಡುಕಾಕಿ, ಹೇಳಾಕಿ ಅಲ್ಲ. ಡಾಕ್ಟರು ಹೇಳಬೇಕು. ಏಳು.’

ನಮ್ಮ ಊರು ಸಿಂಧನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನನ್ನ ಜೊತೆ ಓದಿದವರು ಇದ್ದರು. ಅದನ್ನು ನಾನು ಬಾಯಿಬಿಟ್ಟು ಹೇಳುವ ಮೊದಲೇ ಅವರು ಲಿಂಗಸುಗೂರಿಗೆ ಹೋಗೋಣ ಅಂದರು. ಲೈಬ್ರರಿಗೆ ಬೀಗ ಹಾಕಿದರು. ತಲೆನೋವು ಅಂತ ಹೇಳಿ ನಾನು ರಜೆ ಪಡೆದೆ. ಬಸ್ಸಿನಲ್ಲಿ ಅಕ್ಕಪಕ್ಕ ಕೂತೆವು. ಹೊತ್ತು ಮೀರಿದ್ದರಿಂದ ನನಗೆ ಹಾಲು ಕಟ್ಟಿ ಎದೆ ಕಲ್ಲಾಗಿತ್ತು. ಮಸ್ಕಿ ಹಳ್ಳದ ಸೇತುವೆ ದಾಟುವಾಗ ಹಿಂದಿನ ಸೀಟಿನಲ್ಲಿ ಯಾರದೋ ಕೂಸು ಅತ್ತಿತು, ನನ್ನ ಯೂನಿಫಾರ್ಮಿನ ಮುಂಭಾಗವೆಲ್ಲ ತೊಯ್ದುಹೋಯಿತು. ಮೇಡಂ ತಮ್ಮ ತೊಡೆಯ ಮೇಲಿದ್ದ ದೊಡ್ಡ ಚೀಲವನ್ನು ಎತ್ತಿ ನನ್ನ ಎದೆಗೆ ಇಟ್ಟರು. ‘ಹಿಡ್ಕೊ’ ಅಂದರು. ನಾನು ಅದನ್ನು ಅಪ್ಪಿಕೊಂಡು ಕೂತೆ. ಒಳಗೆ ಅವರ ಬುತ್ತಿ ಡಬ್ಬಿ ಬೆಚ್ಚಗಿತ್ತು. ಆವತ್ತು ಅವರು ಉಂಡಿರಲಿಲ್ಲ.

ಲಿಂಗಸುಗೂರಿನ ಡಾಕ್ಟರು ಒಳ್ಳೆಯವರು, ಗದರಿಸಲಿಲ್ಲ. ರಕ್ತ ತೆಗೆಸಿದರು, ಮೊದಲ ಮಾತ್ರೆಯನ್ನು ಅಲ್ಲೇ ನುಂಗಿಸಿದರು. ಹಾಲಿನ ಮಾತಿಗೆ ಮಾತ್ರ ಅವರೂ ತಡೆದರು. ನನ್ನ ರಕ್ತಕ್ಕೆ ತಗುಲಿದ್ದರೆ ಈಗಲೇ ಗೊತ್ತಾಗುವುದಿಲ್ಲ, ಕೊನೆಯ ಪರೀಕ್ಷೆ ಆಗುವವರೆಗೆ ಕುಡಿಸದಿರುವುದು ಮೇಲು, ಆದರೆ ತೀರ್ಮಾನ ನಿನ್ನದು ಅಂದರು. ಮೇಡಂ ನನ್ನ ಪಕ್ಕದಲ್ಲೇ ಕೂತಿದ್ದರು. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಕುಡಿಸುವುದಿಲ್ಲ ಅಂತ ಹೇಳಿದ್ದು ನಾನೇ.

ವಾಪಸು ಬರುವಾಗ ಅವರು ತಮ್ಮ ಊರು ಮಸ್ಕಿಯಲ್ಲೇ ಇಳಿದರು. ಇಳಿಯುವ ಮೊದಲು, ‘ಗಂಡಗ ಇವತ್ತ ಹೇಳು, ಅದು ಹೇಳಬೇಕಾದ್ದು. ಅತ್ತಿಗೆ ಹೇಳಾದು ಬಿಡಾದು ನಿನಗ ಬಿಟ್ಟಿದ್ದು. ನನ್ನಿಂದ ಯಾರಿಗೂ ಗೊತ್ತಾಗಂಗಿಲ್ಲ’ ಅಂದರು. ಚೀಲವನ್ನು ನನ್ನ ಹತ್ತಿರವೇ ಬಿಟ್ಟುಹೋದರು.

ಗಂಡನಿಗೆ ಹೇಳಿದೆ. ಮಿಲ್ಲಿನಲ್ಲಿ ತೂಕದ ಕೆಲಸ ಮಾಡುವ ಮನುಷ್ಯ, ಮಾತು ಕಡಿಮೆ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಹೋಗಿ ಪಾಕೀಟು ಹಾಲು, ಬಾಟಲಿ ತಂದುಕೊಟ್ಟ. ಆ ಮೇಲೆ ಹಾಸಿಗೆ ಸುತ್ತಿಕೊಂಡು ಮಾಳಿಗೆ ಹತ್ತಿದ, ನನ್ನ ಕೊನೆಯ ಪರೀಕ್ಷೆ ಆಗುವವರೆಗೆ ಅಲ್ಲೇ ಮಲಗಿದ. ಇದಕ್ಕಾಗಿ ನಾನು ಅವನನ್ನು ದೂರುವುದಿಲ್ಲ. ಆದರೆ ಮಾಳಿಗೆಯ ಮೇಲೆ ಅವನು ಮಗ್ಗುಲಾಗುವ ಸಪ್ಪಳ ಕೆಳಗೆ ಕೇಳುತ್ತಿತ್ತು. ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡು ನಾನು, ಬಾಟಲಿ ಒಲ್ಲೆನೆಂದು ಅಳುವ ಮಗಳು. ನೌಕರಿ ನೌಕರಿ ಅಂತ ಓಡಾಡಿ ಹಾಲು ಬತ್ತಿಸಿಕೊಂಡಳು ಅಂತ ಅತ್ತೆ ಓಣಿಗೆಲ್ಲ ಹೇಳಿದರು. ನಾನು ಹೌದು ಅಂದೆ.

ಮಾರನೆಯ ವಾರ ನಾವು ಕೈ ತೊಳೆಯುವ ಜಾಗದಲ್ಲೆಲ್ಲ ಒಂದೊಂದು ಹಾಳೆ ಕಂಡಿತು. ಸೂಜಿ ಚುಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು, ಎಲ್ಲಿಗೆ ಹೋಗಬೇಕು. ದೊಡ್ಡ ಕನ್ನಡ ಅಕ್ಷರ, ಕೆಳಗೆ ಎಲ್ಲಿಂದ ತಂದದ್ದು ಅನ್ನುವ ಸಾಲು. ಆಡಳಿತಾಧಿಕಾರಿ ಅದನ್ನು ನೋಡಿ ಉರಿದುಬಿದ್ದರು. ರೋಗಿಗಳ ಕಡೆಯವರು ಓದಿದರೆ ಈ ಆಸ್ಪತ್ರೆಯ ಬಗ್ಗೆ ಏನು ತಿಳಿಯುತ್ತಾರೆ, ಇದನ್ನು ಹಚ್ಚಬೇಕಾದರೆ ಯಾರಿಗೋ ಚುಚ್ಚಿರಬೇಕು, ಯಾರಿಗೆ ಅಂತ ಮೇಡಮ್ಮನ್ನು ಕರೆಸಿ ಕೇಳಿದರಂತೆ. ಇವರು ಹೇಳಲಿಲ್ಲ. ಸಂಬಳ ತಡೆಯುತ್ತೇನೆ ಅಂದರೂ ಹೇಳಲಿಲ್ಲ. ‘ಲೈಬ್ರರ್‍ಯಾಗ ಯಾರು ಏನು ಕೇಳಿದ್ರು ಅಂತ ಹೇಳಾದು ನನ್ನ ಕೆಲಸಲ್ಲ’ ಅಂದರಂತೆ. ಹೊರಗೆ ಕೂತಿದ್ದ ಕ್ಲರ್ಕು ಇದನ್ನು ವಾರ್ಡಿಗೆ ತಂದು ಹೇಳಿದ.

ಮರುದಿನ ಬೆಳಿಗ್ಗೆ ನಾನೇ ಆಡಳಿತಾಧಿಕಾರಿಯ ಕೋಣೆಗೆ ಹೋಗಿ, ಚುಚ್ಚಿದ್ದು ನನಗೆ ಅಂದೆ. ಅವರು ನನ್ನ ಬೆರಳು ನೋಡಿದರು, ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. ಆಯಿತು ಹೋಗ್ರಿ ಅಂದರು. ನರ್ಸುಗಳ ಕೊರತೆಯ ಕಾಲ, ನನ್ನನ್ನು ಬಿಡಿಸುವ ಹಾಗಿರಲಿಲ್ಲ. ಹೊರರೋಗಿ ವಿಭಾಗದಲ್ಲಿ ಚೀಟಿ ಕೊಡುವ ಕಡೆ ಹಾಕಿದರು, ಅಷ್ಟೇ. ಮೇಡಂ ಸಂತೋಷಪಟ್ಟಾರು ಅಂದುಕೊಂಡು ಮೇಲೆ ಹೋದರೆ ಅವರ ಮುಖ ಕಪ್ಪಿಟ್ಟಿತ್ತು.

‘ಯಾರು ಹೇಳಂದ್ರು ನಿನಗ? ನಾಳೆ ಇನ್ನೊಬ್ಬಾಕಿ ಬಂದು ಕೇಳಬೇಕಂದ್ರ, ಇಲ್ಲಿ ಹೇಳಿದ್ದು ಇಲ್ಲೇ ಇರತೈತಿ ಅನ್ನೂ ನಂಬಿಕಿ ಬೇಕಿತ್ತು. ಈಗ ಉಳಿದ ಸಿಸ್ಟರುಗಳ ಕಣ್ಣಾಗ, ನಾ ಬಾಯಿ ಬಿಟ್ಟೆ ಅಂತಾತು.’

ನಾನು ಹಾಗೆ ಯೋಚಿಸಿರಲಿಲ್ಲ. ಅವರ ಸಂಬಳ ನಿಲ್ಲಬಾರದು ಅಂತ ಹೋಗಿದ್ದೆ ಅಂದೆ. ಅವರು ಮುಂದೆ ತಿಂಗಳುಗಟ್ಟಲೆ ನನ್ನನ್ನು ಮಾತಾಡಿಸಲಿಲ್ಲ. ನಾನಿದ್ದ ಕಡೆ ಬಂದು ಡೌಟ್ ಕೇಳುವಾಗಲೂ ನನ್ನನ್ನು ಬಿಟ್ಟು ಪಕ್ಕದವಳನ್ನು ಕೇಳುತ್ತಿದ್ದರು.

ಕೊನೆಯ ಪರೀಕ್ಷೆಯಲ್ಲೂ ಏನೂ ಇಲ್ಲ ಅಂತ ಬಂದಾಗ ಲಿಂಗಸುಗೂರಿನಿಂದ ನೇರ ಲೈಬ್ರರಿಗೆ ಹೋದೆ. ಬಾಗಿಲಲ್ಲೇ ನಿಂತು ಹೇಳಿದೆ. ‘ಹ್ಞೂಂ’ ಅಂದರು. ಕೆಲಸ ಮುಂದುವರಿಸಿದರು. ನಾನು ತಿರುಗಿ ಹೊರಟಾಗ ‘ಕೂಡು’ ಅಂದು, ಕ್ಯಾಂಟೀನಿನಿಂದ ಎರಡು ಚಹಾ ತರಿಸಿದರು. ಅವರು ಯಾರಿಗಾದರೂ ಚಹಾ ತರಿಸಿದ್ದನ್ನು ಅದಕ್ಕಿಂತ ಮೊದಲೂ ಆಮೇಲೂ ನಾನು ಕಂಡಿಲ್ಲ. ಮಗು ಹೇಗಿದೆ ಅಂತ ಕೇಳಿದರು. ಚೆನ್ನಾಗಿದೆ, ಆದರೆ ಇನ್ನು ಎದೆಗೆ ಬರುವುದಿಲ್ಲ, ನನಗೂ ಹಾಲು ಉಳಿದಿಲ್ಲ ಅಂದೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ‘ಆ ಪ್ರಶ್ನಿಗೆ ಇನ್ನೂ ಒಂದಿಷ್ಟು ಹುಡುಕಬೇಕಿತ್ತು ನಾ’ ಅಂದರು. ಎಷ್ಟು ಹುಡುಕಿದ್ದರೂ ಅಷ್ಟೇ ಸಿಗುತ್ತಿತ್ತು ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಮುಂದಿನ ವರ್ಷ ಕಾಲೇಜಿನ ಪುಸ್ತಕಗಳನ್ನು ಹೊಸ ಕಟ್ಟಡಕ್ಕೆ ಸಾಗಿಸಿದರು. ಲೈಬ್ರರಿಯ ಕೋಣೆಯಲ್ಲಿ ವಿಮೆಯ ಕಾಗದ ನೋಡುವವರು ಬಂದು ಕೂತರು. ಮೇಡಮ್ಮನ ಕರಾರು ಮುಗಿದಿತ್ತು, ಮುಂದುವರಿಸಲಿಲ್ಲ. ಆ ಹಾಳೆಗಳಿಗೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಕೊನೆಯ ದಿನವೂ ಅವರು ಮಧ್ಯಾಹ್ನ ವಾರ್ಡುಗಳಿಗೆ ಬಂದಿದ್ದರು, ಎಂದಿನ ಹಾಗೆ ಕೇಳಿದರು. ಏನೂ ಇಲ್ಲ ಅಂದರು ಎಲ್ಲರೂ. ಅದು ಅವರ ಕೊನೆಯ ದಿನ ಅಂತ ನಮಗೆ ಗೊತ್ತಾದದ್ದು ವಾರದ ಮೇಲೆ, ಅದೂ ಯಾರೋ ‘ಡೌಟ್ ಮೇಡಂ ಕಾಣವಲ್ರಲ್ಲ’ ಅಂದಾಗ.

ಆಮೇಲೆ ಕೆಲವು ವರ್ಷ ಅವರ ಸುದ್ದಿಯೇ ಇರಲಿಲ್ಲ. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಮತ್ತೆ ಕಂಡದ್ದು ಡಯಾಲಿಸಿಸ್ ಹಾಸಿಗೆಯ ಮೇಲೆ. ಮುಖ ಬಾತು ಗುರುತೇ ಸಿಗದ ಹಾಗಾಗಿತ್ತು. ಕೊರಳಲ್ಲಿ ಕನ್ನಡಕದ ದಾರವಿಲ್ಲದಿದ್ದರೆ ದಾಟಿಹೋಗುತ್ತಿದ್ದೆ. ವಾರಕ್ಕೆರಡು ಸಲ ಬಸ್ಸಿನಲ್ಲೇ ಬರುತ್ತಿದ್ದರು. ನಾನು ಪಕ್ಕದಲ್ಲಿ ಕೂತರೆ ಬೇಡ ಅನ್ನುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಒಮ್ಮೆ ನರ್ಸ್ ಹುಡುಗಿ ಸೂಜಿಮದ್ದು ಕೊಡುವಾಗ ಇದು ಯಾತಕ್ಕೆ ಅಂತ ಕೇಳಿದರು. ಡಾಕ್ಟರು ಬರೆದಿದ್ದಾರೆ ಅಂದಳು ಅವಳು. ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಮೊದಲೇ ಯಾಕೆ ತೋರಿಸಿಕೊಳ್ಳಲಿಲ್ಲ ಅಂತ ಒಂದು ದಿನ ಧೈರ್ಯ ಮಾಡಿ ಕೇಳಿದೆ. ಯಂತ್ರದ ಕೊಳವೆಯಲ್ಲಿ ತಮ್ಮ ರಕ್ತ ಹೋಗಿ ಬರುವುದನ್ನು ನೋಡುತ್ತ ಹೇಳಿದರು: ‘ಎಲ್ಲಾ ಹುಡುಕಿ ಓದಿದ್ದೆ. ಓದಿ ಮುಚ್ಚಿಟ್ಟೆ. ಗೊತ್ತಾಗಾದು ಬ್ಯಾರೆ, ಎದ್ದು ಹೋಗಾದು ಬ್ಯಾರೆ. ಅವತ್ತ ನಿನ್ನ ಜೋಡಿ ನಾ ಇದ್ದೆ.’

ಅವರು ಹೋದ ಸುದ್ದಿ ಗೊತ್ತಾದ ಮರುದಿನವೇ ರಜೆ ಹಾಕಿ ಮಸ್ಕಿಗೆ ಹೋದೆ. ಜೊತೆಗೆ ಬನ್ನಿ ಅಂತ ಹಳಬರಿಬ್ಬರನ್ನು ಕರೆದಿದ್ದೆ. ಒಬ್ಬಳಿಗೆ ಡ್ಯೂಟಿ ಇತ್ತು. ಇನ್ನೊಬ್ಬಳಿಗೆ ಅವರು ಯಾರು ಅಂತ ನೆನಪು ಮಾಡಿಕೊಡಬೇಕಾಯಿತು. ಮಣ್ಣು ಮಾಡಿ ಆಗಿಹೋಗಿತ್ತು. ಅವರು ಇದ್ದದ್ದು ತಂಗಿಯ ಮನೆಯಲ್ಲಿ. ಗಂಡನಿಲ್ಲದ ಆಕೆ ಕುಪ್ಪಸ ಹೊಲಿದು ಜೀವನ ಮಾಡುತ್ತಾಳೆ. ಎರಡೇ ಕೋಣೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಮೂಲೆಗೆ ಸರಿಸಿದ್ದರು. ಓಣಿಯ ಹೆಂಗಸರು ನಾಲ್ಕೈದು ಜನ ಗೋಡೆಗೆ ಒರಗಿ ಕೂತಿದ್ದರು. ಅವರಲ್ಲೊಬ್ಬರು, ಪಾಪ, ದವಾಖಾನೆಯಲ್ಲಿ ನರ್ಸ್ ಆಗಿದ್ದಳು, ಎಷ್ಟು ಜನರ ಸೇವೆ ಮಾಡಿದ್ದಳೋ ಅಂದರು. ಮನೆಯವರೂ ಹಾಗೇ ತಿಳಿದಿದ್ದರು.

ತಂಗಿ ನನ್ನ ಕಡೆ ತಿರುಗಿ, ‘ನೀವು ಜೋಡಿಲೆ ಇದ್ದವರು. ನಮ್ಮಕ್ಕ ಅಲ್ಲಿ ಏನು ಕೆಲಸ ಮಾಡ್ತಿದ್ಲರೀ?’ ಅಂತ ಕೇಳಿದಳು.

ಪುಸ್ತಕದ ಕೋಣೆ, ನರ್ಸುಗಳ ಪ್ರಶ್ನೆ, ಹುಡುಕಿ ಕೊಡುವುದು ಅಂತ ಶುರುಮಾಡಿದೆ. ಅವರ ಮುಖ ನೋಡಿದರೆ ಯಾರಿಗೂ ಏನೂ ತಿಳಿದಂತಿರಲಿಲ್ಲ. ಅದನ್ನು ತಿಳಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಸಂಗತಿ. ಅದನ್ನು ನಾನು ಮೇಡಂಗೆ, ಆ ಡಾಕ್ಟರಿಗೆ, ಗಂಡನಿಗೆ, ಆ ಆಡಳಿತಾಧಿಕಾರಿಗೆ ಬಿಟ್ಟು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ, ನನ್ನ ತಾಯಿಗೂ ಹೇಳಿರಲಿಲ್ಲ. ಕಂಡರಿಯದ ಆ ಹೆಂಗಸರ ನಡುವೆ ಕೂತು ಹೇಳಿದೆ. ಸೂಜಿ ಚುಚ್ಚಿದ್ದು, ಆ ರೋಗದ ಹೆಸರು, ಬಸ್ಸು, ತೊಯ್ದ ಎದೆ, ಎಲ್ಲ ಹೇಳಿದೆ. ನನ್ನ ಪಕ್ಕದಲ್ಲಿದ್ದ ಮುದುಕಿ ಸರಿದು ಕೂರಲಿಲ್ಲ. ನನ್ನ ಮಂಡಿಯ ಮೇಲೆ ಕೈಯಿಟ್ಟು ಹಾಗೇ ಕೂತಿದ್ದಳು.

ತಂಗಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

‘ಹಂಗಾದ್ರ ಆಕಿನ್ನ ಕೇಳಬಹುದಿತ್ತು. ಆಕಿ ಕಾಲು ಬಾತಾಗ ಯಾರ್ನ ಕೇಳಬೇಕಂತ ತಿಳಿಲಾರದ ನಾ ಓಣಿತುಂಬಾ ತಿರುಗಿದ್ನಿರೀ. ಆಕಿ ಇಲ್ಲೇ, ಈ ಬಾಗಲಾಗ ಕುಂತಿದ್ಲು’ ಅಂದಳು.